ಸೇಬಿನ ಮರ್ಯಾದೆ, ನುಗ್ಗೆ ಸೊಪ್ಪಿನ ಲೆಕ್ಕ

ನನ್ನ ಅಬ್ಬಾ ಹಣ್ಣಿನ ವ್ಯಾಪಾರಿ. ಒಂದು ಆಸ್ಪತ್ರೆಯ ಗೇಟಿನ ಹತ್ತಿರ ಅವರ ತಳ್ಳುಗಾಡಿ ನಿಲ್ಲುತ್ತದೆ. ಕಾಲೇಜು ಬಿಟ್ಟ ಮೇಲೆ ಸಂಜೆ ನಾನೂ ಅಲ್ಲಿಗೆ ಹೋಗುತ್ತೇನೆ. ಅಬ್ಬಾ ಮಗ್ರಿಬ್ ನಮಾಜಿಗೆ ಹೋದಾಗ ತಕ್ಕಡಿ ನನ್ನ ಕೈಗೆ ಬರುತ್ತದೆ. ರಾತ್ರಿ ಲೆಕ್ಕ ಬರೆಯುವುದೂ ನಾನೇ. ನಮ್ಮ ಗಾಡಿಯಲ್ಲಿ ಬಾಳೆ, ಕಿತ್ತಳೆ, ಸೀಬೆ ಎಲ್ಲ ಇದ್ದರೂ ಮನೆ ನಡೆಯುವುದು ಸೇಬಿನಿಂದ. ಆದ್ದರಿಂದ ನಾನು ಸೇಬಿನ ಬಗ್ಗೆ ಎರಡು ಮಾತು ಕಟುವಾಗಿ ಬರೆದರೆ ಅದು ನಮ್ಮ ತಟ್ಟೆಯ ಮೇಲೇ ಬರೆದಂತೆ. ಆದರೂ ಬರೆಯುತ್ತಿದ್ದೇನೆ. ಕಾರಣ ನನ್ನ ಅಮ್ಮಿ.

ಕಳೆದ ವರ್ಷ ಅಮ್ಮಿಗೆ ಜ್ವರ ಬಂದು ಎರಡು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಜ್ವರ ಇಳಿಯಿತು. ಆದರೆ ರಕ್ತಪರೀಕ್ಷೆಯ ಚೀಟಿಯಲ್ಲಿ ಹಿಮೋಗ್ಲೋಬಿನ್ 8.6 ಎಂದಿತ್ತು. ಹೆಂಗಸರಿಗೆ ಅದು 12 ಇರಬೇಕು. ಅಮ್ಮಿ ಬಹಳ ದಿನದಿಂದ "ಮೆಟ್ಟಿಲು ಹತ್ತಿದರೆ ಎದೆ ಬಡ್ಕೊಳ್ಳುತ್ತೆ" ಅನ್ನುತ್ತಿದ್ದರು. ವಯಸ್ಸಾಯಿತು ಅಂತ ನಾವೆಲ್ಲ ಸುಮ್ಮನಿದ್ದೆವು. ಅವರ ವಯಸ್ಸು 41.

ಮನೆಗೆ ಬಂದ ಮೇಲೆ ನೋಡಲು ಜನ ಬಂದರು. ರೋಗಿಯನ್ನು ವಿಚಾರಿಸಲು ಹೋಗುವುದು ನಮ್ಮಲ್ಲಿ ಸುನ್ನತ್, ಯಾರೂ ತಪ್ಪಿಸುವುದಿಲ್ಲ. ಖಾಲಾ ಬಂದರು, ಫೂಫಿ ಬಂದರು, ಮೊಹಲ್ಲಾದವರು ಬಂದರು. ಬಂದವರೆಲ್ಲರ ಕೈಯಲ್ಲೂ ಸೇಬು! ಸೇಬು ಮಾರುವವನ ಮನೆಗೇ ಸೇಬು. ಐದು ದಿನದಲ್ಲಿ ಏಳು ಕೆ.ಜಿ. ಆಯಿತು. ಅದರಲ್ಲಿ ಎರಡು ಕೆ.ಜಿ. ನಮ್ಮ ಗಾಡಿಯಿಂದಲೇ ಕೊಂಡಿದ್ದು, ತೂಗಿಕೊಟ್ಟವನು ನಾನೇ.

ಆ ಏಳು ಕೆ.ಜಿ.ಯಲ್ಲಿ ಅಮ್ಮಿ ತಿಂದದ್ದು ಎಷ್ಟು? ಅವರು ಸೇಬು ಹೆಚ್ಚಿ ಒಂದು ಹೋಳು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ನನಗೂ ತಂಗಿಗೂ ಕೊಡುತ್ತಿದ್ದರು. ನಾವು ತಿನ್ನುತ್ತಿದ್ದೆವು.

ಡಾಕ್ಟರು ಚೀಟಿಯಲ್ಲಿ ಬರೆದದ್ದು ಕಬ್ಬಿಣಾಂಶದ ಮಾತ್ರೆ. ಬಾಯಲ್ಲಿ ಹೇಳಿದ್ದು ಸೊಪ್ಪು, ರಾಗಿ, ಕಾಳು ತಿನ್ನಿ, ಊಟದ ಜೊತೆ ಟೀ ಕುಡಿಯಬೇಡಿ ಎಂದು. ಸೇಬಿನ ಹೆಸರೇ ಬರಲಿಲ್ಲ. ಹಾಗಾದರೆ ನಾವೆಲ್ಲ ಯಾಕೆ ಸೇಬು ಹಿಡಿದುಕೊಂಡು ಓಡುತ್ತೇವೆ? ನಾನು ಕಾಮರ್ಸ್ ವಿದ್ಯಾರ್ಥಿ, ಸೈನ್ಸ್ ಅಲ್ಲ. ನನಗೆ ಗೊತ್ತಿರುವುದು ಲೆಕ್ಕ. ಹಾಗಾಗಿ ಲೆಕ್ಕ ಹಾಕಿ ನೋಡಿದೆ. ಒಂದು ಕಡೆ ನಮ್ಮ ಗಾಡಿಯ ಸೇಬು. ಇನ್ನೊಂದು ಕಡೆ ಗಾಡಿಯ ಪಕ್ಕದಲ್ಲೇ ಗೋಣಿಚೀಲ ಹಾಸಿ ಕೂರುವ ಅಜ್ಜಿಯ ನುಗ್ಗೆ ಸೊಪ್ಪು.

ಮೊದಲು ಒಂದು ತಪ್ಪು ತಿಳುವಳಿಕೆ

"ಸೇಬು ಹೆಚ್ಚಿಟ್ಟರೆ ಕಂದು ಬಣ್ಣಕ್ಕೆ ತಿರುಗುತ್ತದಲ್ಲ, ಅದು ಅದರಲ್ಲಿರುವ ಕಬ್ಬಿಣ ತುಕ್ಕು ಹಿಡಿಯುವುದು" ಎಂದು ನಾನು ಹತ್ತನೇ ತರಗತಿಯವರೆಗೂ ನಂಬಿದ್ದೆ. ಗಿರಾಕಿಗಳಿಗೂ ಹಾಗೇ ಹೇಳಿದ್ದೇನೆ, ಅಲ್ಲಾಹ್ ಕ್ಷಮಿಸಲಿ. ಅದು ತುಕ್ಕಲ್ಲ. ಹೆಚ್ಚಿದಾಗ ಹಣ್ಣಿನ ಕೋಶಗಳು ಒಡೆಯುತ್ತವೆ. ಅದರೊಳಗಿನ ಒಂದು ಕಿಣ್ವ ಗಾಳಿಯ ಆಮ್ಲಜನಕದ ಜೊತೆ ಸೇರಿ ಹಣ್ಣಿನ ಪಾಲಿಫಿನಾಲ್‌ಗಳನ್ನು ಕಂದಾಗಿಸುತ್ತದೆ. ಬದನೆಕಾಯಿ ಹೆಚ್ಚಿಟ್ಟರೂ ಹೀಗೇ ಆಗುತ್ತದೆ, ಬಾಳೆಹಣ್ಣಿಗೂ ಆಗುತ್ತದೆ. ಅದನ್ನು ನೋಡಿ ಬದನೆಕಾಯಿಯಲ್ಲಿ ರಕ್ತ ಇದೆ ಎಂದು ಯಾರೂ ಹೇಳುವುದಿಲ್ಲ. ಸೇಬು ಕೆಂಪಗಿದೆ, ದುಬಾರಿಯಾಗಿದೆ, ಅದಕ್ಕೇ ಅದರ ವಿಷಯದಲ್ಲಿ ನಂಬುತ್ತೇವೆ.

ಇನ್ನು "ದಿನಕ್ಕೊಂದು ಸೇಬು ತಿಂದರೆ ಡಾಕ್ಟರಿಂದ ದೂರ" ಎನ್ನುವ ಗಾದೆ. ಇದು ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟನ್ನಿನ ವೇಲ್ಸ್ ಕಡೆಯಿಂದ ಬಂದ ಮಾತು. ಅಲ್ಲಿ ಸೇಬು ಹಿತ್ತಲ ಹಣ್ಣು, ನಮ್ಮಲ್ಲಿ ಸೀಬೆ ಇದ್ದ ಹಾಗೆ. 2015ರಲ್ಲಿ ಅಮೆರಿಕದ ಸಂಶೋಧಕರು ಎಂಟು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಇಟ್ಟುಕೊಂಡು ಇದನ್ನು ಪರೀಕ್ಷಿಸಿದರು. ದಿನಾ ಸೇಬು ತಿನ್ನುವವರು ಡಾಕ್ಟರ ಬಳಿ ಹೋಗುವುದು ಕಡಿಮೆಯೇನೂ ಆಗಿರಲಿಲ್ಲ. ಚೀಟಿ ಬರೆಸಿ ಕೊಳ್ಳುವ ಔಷಧಿ ಮಾತ್ರ ಸ್ವಲ್ಪ ಕಡಿಮೆ ಇತ್ತು.

100 ಗ್ರಾಂ ಲೆಕ್ಕ

ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿಯಲ್ಲಿ ಎರಡರ ಅಂಕಿಗಳೂ ಸಿಗುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿಯಲ್ಲಿ ಅಂಕಿಗಳು ಬೇರೆ ಇವೆ, ಆದರೆ ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಸಿ ವಿಷಯದಲ್ಲಿ ಯಾವುದು ಮುಂದೆ ಯಾವುದು ಹಿಂದೆ ಎನ್ನುವುದು ಬದಲಾಗುವುದಿಲ್ಲ.

100 ಗ್ರಾಂ ಸೇಬಿನಲ್ಲಿ (ಸಿಪ್ಪೆ ಸಮೇತ): ಶಕ್ತಿ 52 ಕಿಲೋ ಕ್ಯಾಲರಿ, ಪ್ರೋಟೀನ್ 0.3 ಗ್ರಾಂ, ನಾರು 2.4 ಗ್ರಾಂ, ಕ್ಯಾಲ್ಸಿಯಂ 6 ಮಿಲಿಗ್ರಾಂ, ಕಬ್ಬಿಣ 0.12 ಮಿಲಿಗ್ರಾಂ, ವಿಟಮಿನ್ ಸಿ 4.6 ಮಿಲಿಗ್ರಾಂ.

100 ಗ್ರಾಂ ಹಸಿ ನುಗ್ಗೆ ಸೊಪ್ಪಿನಲ್ಲಿ: ಶಕ್ತಿ 64 ಕಿಲೋ ಕ್ಯಾಲರಿ, ಪ್ರೋಟೀನ್ 9.4 ಗ್ರಾಂ, ನಾರು 2 ಗ್ರಾಂ, ಕ್ಯಾಲ್ಸಿಯಂ 185 ಮಿಲಿಗ್ರಾಂ, ಕಬ್ಬಿಣ 4 ಮಿಲಿಗ್ರಾಂ, ವಿಟಮಿನ್ ಸಿ 51.7 ಮಿಲಿಗ್ರಾಂ.

ಅಮೆರಿಕದ ಈ ಪಟ್ಟಿಯ ಪ್ರಕಾರ ನಾರಿನಲ್ಲಿ ಮಾತ್ರ ಸೇಬು ಸ್ವಲ್ಪ ಮುಂದಿದೆ. ಕಬ್ಬಿಣದಲ್ಲಿ ನುಗ್ಗೆ ಸೊಪ್ಪು ಮೂವತ್ತು ಪಟ್ಟಿಗೂ ಹೆಚ್ಚು. ಕ್ಯಾಲ್ಸಿಯಂನಲ್ಲೂ ಹಾಗೇ. ವಿಟಮಿನ್ ಸಿ ಹತ್ತು ಪಟ್ಟು.

ಆದರೆ ಅಕೌಂಟೆನ್ಸಿ ಓದುವವರಿಗೆ ಗೊತ್ತು, ಅಂಕಿ ಸರಿ ಇದ್ದರೂ ಲೆಕ್ಕ ಮೋಸ ಮಾಡಬಹುದು. ಯಾರು 100 ಗ್ರಾಂ ಸೊಪ್ಪು ತಿನ್ನುತ್ತಾರೆ? ಸೇಬು ಒಂದೊಂದೇ 180 ಗ್ರಾಂ ತೂಗುತ್ತದೆ. ಸೊಪ್ಪು ಒಬ್ಬರ ತಟ್ಟೆಗೆ ಬರುವುದು 50 ಗ್ರಾಂ ಇರಬಹುದು. ಹಾಗಾಗಿ ತಟ್ಟೆಯ ಲೆಕ್ಕ ಹಾಕೋಣ. ಒಂದು ಸೇಬಿನಿಂದ ಸುಮಾರು 0.2 ಮಿಲಿಗ್ರಾಂ ಕಬ್ಬಿಣ. 50 ಗ್ರಾಂ ಸೊಪ್ಪಿನಿಂದ 2 ಮಿಲಿಗ್ರಾಂ. ಮೂವತ್ತು ಪಟ್ಟು ಹೋಗಿ ಹತ್ತು ಪಟ್ಟಿಗೆ ಇಳಿಯಿತು. ಆದರೂ ಹತ್ತು ಪಟ್ಟು.

ನಮಗೆ ದಿನಕ್ಕೆ ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಕೊಟ್ಟ ಪ್ರಮಾಣ ಹೀಗಿದೆ: ದೊಡ್ಡ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ, 16ರಿಂದ 18 ವರ್ಷದ ಹುಡುಗಿಯರಿಗೆ 32, ಅದೇ ವಯಸ್ಸಿನ ಹುಡುಗರಿಗೆ 26. ಅಂದರೆ ನನ್ನ ಅಮ್ಮಿ ಒಂದು ದಿನದ ಕಬ್ಬಿಣವನ್ನು ಬರೀ ಸೇಬಿನಿಂದ ಪಡೆಯಬೇಕಾದರೆ 130ಕ್ಕೂ ಹೆಚ್ಚು ಸೇಬು ತಿನ್ನಬೇಕು. ನಮ್ಮ ಗಾಡಿಯೇ ಖಾಲಿ.

ರೂಪಾಯಿ ಲೆಕ್ಕ

ನಾನು ಈ ಲೆಕ್ಕ ಹಾಕಿದ ವಾರ ನಮ್ಮ ಗಾಡಿಯಲ್ಲಿ ಸೇಬು ಕೆ.ಜಿ.ಗೆ 220 ರೂಪಾಯಿ. ಅಜ್ಜಿಯ ಬಳಿ ನುಗ್ಗೆ ಸೊಪ್ಪು ಕಟ್ಟಿಗೆ 10 ರೂಪಾಯಿ. ಒಂದು ಕಟ್ಟು ತಂದು, ಕಡ್ಡಿ ಬಿಡಿಸಿ, ಎಲೆ ಮಾತ್ರ ಅಬ್ಬಾನ ತಕ್ಕಡಿಯಲ್ಲೇ ತೂಗಿದೆ. 120 ಗ್ರಾಂ ಬಂತು.

ಒಂದು ಕೆ.ಜಿ. ಸೇಬಿನಲ್ಲಿ 1.2 ಮಿಲಿಗ್ರಾಂ ಕಬ್ಬಿಣ. ಅಂದರೆ 1 ಮಿಲಿಗ್ರಾಂ ಕಬ್ಬಿಣಕ್ಕೆ ನಾವು ಕೊಡುವುದು ಸುಮಾರು 183 ರೂಪಾಯಿ. ಬೀಜ, ತೊಟ್ಟು ಬಿಸಾಡುವುದನ್ನು ಸೇರಿಸಿಲ್ಲ. ಒಂದು ಕಟ್ಟು ಸೊಪ್ಪಿನಲ್ಲಿ 4.8 ಮಿಲಿಗ್ರಾಂ. 1 ಮಿಲಿಗ್ರಾಂಗೆ 2 ರೂಪಾಯಿ 8 ಪೈಸೆ.

ಕ್ಯಾಲ್ಸಿಯಂ: ಸೇಬಿನಿಂದ 100 ಮಿಲಿಗ್ರಾಂ ಪಡೆಯಲು 366 ರೂಪಾಯಿ. ಸೊಪ್ಪಿನಿಂದ ನಾಲ್ಕೂವರೆ ರೂಪಾಯಿ.

ಈ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದು ಮೂರು ಸಲ ಕೂಡಿ ನೋಡಿದೆ. ಏಕೆಂದರೆ ಆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲೇ ನಮ್ಮ ದಿನದ ವ್ಯಾಪಾರದ ಲೆಕ್ಕವೂ ಇತ್ತು.

ಹಾಗಾದರೆ ಸೇಬು ದುಬಾರಿ ಯಾಕೆ?

ನಮ್ಮ ಅರ್ಥಶಾಸ್ತ್ರದ ತರಗತಿಯಲ್ಲಿ ನೀರು ಮತ್ತು ವಜ್ರದ ವಿಷಯ ಬಂದಿತ್ತು. ಆ್ಯಡಂ ಸ್ಮಿತ್ 1776ರ ತನ್ನ ಪುಸ್ತಕದಲ್ಲಿ ಎತ್ತಿದ ಪ್ರಶ್ನೆ ಅದು: ನೀರಿಲ್ಲದೆ ಬದುಕಿಲ್ಲ, ಆದರೆ ನೀರಿಗೆ ಬೆಲೆ ಇಲ್ಲ, ವಜ್ರದಿಂದ ಹೆಚ್ಚು ಉಪಯೋಗವಿಲ್ಲ, ಆದರೆ ಅದಕ್ಕೆ ಎಷ್ಟೊಂದು ಬೆಲೆ! ಉಪಯೋಗ ಬೇರೆ, ಬೆಲೆ ಬೇರೆ. ಪರೀಕ್ಷೆಗೆ ಓದುವಾಗ ಇದು ನನಗೆ ಬರೀ ಉತ್ತರವಾಗಿತ್ತು. ಗಾಡಿಯ ಹತ್ತಿರ ನಿಂತಾಗ ಅರ್ಥವಾಯಿತು. ಸೇಬು ಮತ್ತು ಸೊಪ್ಪು ಪಕ್ಕಪಕ್ಕದಲ್ಲೇ ಇವೆ, ಎರಡು ಮಾರು ದೂರವೂ ಇಲ್ಲ.

ಸೇಬಿನ 220 ರೂಪಾಯಿಯಲ್ಲಿ ಏನೇನು ಸೇರಿದೆ? ನಮ್ಮ ದೇಶದ ಸೇಬಿನಲ್ಲಿ ಬಹುಪಾಲು ಕಾಶ್ಮೀರದ್ದು, ಉಳಿದದ್ದರಲ್ಲಿ ಹೆಚ್ಚಿನದು ಹಿಮಾಚಲದ್ದು. ಅಲ್ಲಿಂದ ಕರ್ನಾಟಕಕ್ಕೆ ಲಾರಿಯಲ್ಲಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಲಾರಿ ಬಾಡಿಗೆ, ಕೋಲ್ಡ್ ಸ್ಟೋರೇಜ್ ಬಾಡಿಗೆ, ಮಂಡಿಯ ಕಮಿಷನ್, ಹಮಾಲಿ, ಕೊಳೆತು ಹೋಗುವ ನಷ್ಟ, ಕೊನೆಗೆ ನನ್ನ ಅಬ್ಬಾನ ಲಾಭ. ವಿದೇಶಿ ಸೇಬಾದರೆ ಸುಂಕವೂ ಸೇರುತ್ತದೆ. ಅಮೆರಿಕ ನಮ್ಮ ಉಕ್ಕು, ಅಲ್ಯೂಮಿನಿಯಂ ಮೇಲೆ ಸುಂಕ ಹಾಕಿದ್ದಕ್ಕೆ ಪ್ರತಿಯಾಗಿ ಭಾರತ 2019ರಲ್ಲಿ ಅಮೆರಿಕದ ಸೇಬಿಗೆ ಶೇ. 20 ಹೆಚ್ಚುವರಿ ಸುಂಕ ಹಾಕಿತು. 2023ರಲ್ಲಿ ಅದನ್ನು ತೆಗೆದರೂ ಶೇ. 50ರ ಮೂಲ ಸುಂಕ ಹಾಗೇ ಉಳಿಯಿತು. ಇವೆಲ್ಲ ಬೆಲೆಯೊಳಗೆ ಇವೆ. ಆದರೆ ಲಾರಿ ಬಾಡಿಗೆ, ಸುಂಕ ತಿಂದರೆ ರಕ್ತ ಹೆಚ್ಚುವುದಿಲ್ಲ. ನುಗ್ಗೆ ಮರ ನಮ್ಮ ಹಿತ್ತಲಲ್ಲೇ ಬೆಳೆಯುತ್ತದೆ, ಒಂದು ಕೊಂಬೆ ನೆಟ್ಟರೆ ಚಿಗುರುತ್ತದೆ. ಅದಕ್ಕೇ ಅಗ್ಗ. ಅಗ್ಗ ಎಂದರೆ ಕೀಳು ಎಂದಲ್ಲ.

ಇನ್ನೂ ಒಂದು ಅಂಶ ಇದೆ. ಪಾಲುದಾರಿಕೆ ಸಂಸ್ಥೆಯ ಲೆಕ್ಕದಲ್ಲಿ ನಾವು ಗುಡ್‌ವಿಲ್ ಓದುತ್ತೇವೆ. ಕಣ್ಣಿಗೆ ಕಾಣದ ಆಸ್ತಿ, ಹೆಸರಿನಿಂದ ಬರುವ ಬೆಲೆ. ಸೇಬಿಗೆ ಆ ಗುಡ್‌ವಿಲ್ ಇದೆ, ಸೊಪ್ಪಿಗೆ ಇಲ್ಲ. ಗಾಡಿಗೆ ಬರುವವರು "ಆಪಲ್ ಹೆಂಗೆ ಕೆ.ಜಿ.?" ಎಂದು ಕೇಳಿ, ಬೆಲೆ ಕೇಳಿ ಮುಖ ಸಣ್ಣ ಮಾಡಿ, ಮತ್ತೆ "ಕೊಡಿ, ಪೇಷಂಟಿಗೆ" ಅನ್ನುತ್ತಾರೆ. ಪೇಷಂಟಿಗೆ ಎಂದ ಮೇಲೆ ಚೌಕಾಸಿ ಇಲ್ಲ. ಒಬ್ಬ ಕೂಲಿ ಮಾಡುವವರು ಜೇಬಿನಿಂದ ಹತ್ತರ ನೋಟುಗಳನ್ನು ಎಣಿಸಿ ಅರ್ಧ ಕೆ.ಜಿ. ಕೊಂಡದ್ದನ್ನು ನೋಡಿದ್ದೇನೆ. ಅವರ ಮಗಳಿಗೆ ರಕ್ತ ಕಡಿಮೆ ಅಂತೆ. ಪಕ್ಕದಲ್ಲಿ ಸೊಪ್ಪಿನ ಅಜ್ಜಿ ಕೂತಿದ್ದರು. ಅವರು ಆ ಕಡೆ ತಿರುಗಿಯೂ ನೋಡಲಿಲ್ಲ. ನಾನು ಏನೂ ಹೇಳಲಿಲ್ಲ, ತೂಗಿ ಕೊಟ್ಟೆ. ಈ ಲೇಖನ ಬರೆಯಲು ಆ ಸಂಜೆಯೂ ಒಂದು ಕಾರಣ.

ಹಾಗಂತ ನುಗ್ಗೆ ಮರ ಹತ್ತಿಸಬೇಡಿ

ಯಾರನ್ನಾದರೂ ಅತಿಯಾಗಿ ಹೊಗಳಿದರೆ ಕನ್ನಡದಲ್ಲಿ "ನುಗ್ಗೆ ಮರ ಹತ್ತಿಸಬೇಡ" ಅನ್ನುತ್ತಾರೆ. ನುಗ್ಗೆ ಕೊಂಬೆ ಪುಸಕ್ಕನೆ ಮುರಿಯುತ್ತದೆ, ಹತ್ತಿದವನು ಬೀಳುತ್ತಾನೆ. ಈಗ ಕೆಲವರು ನುಗ್ಗೆಯನ್ನೇ ನುಗ್ಗೆ ಮರ ಹತ್ತಿಸುತ್ತಿದ್ದಾರೆ. ಎಲೆಯನ್ನು ಒಣಗಿಸಿ, ಪುಡಿ ಮಾಡಿ, ಅಂದದ ಡಬ್ಬಿಯಲ್ಲಿ ತುಂಬಿ, ಸಕಲ ರೋಗಕ್ಕೂ ಮದ್ದು ಎಂದು ಮಾರುತ್ತಾರೆ. ಒಣಗಿದ ಪುಡಿಯ 100 ಗ್ರಾಂ ಅನ್ನು ಹಸಿ ಹಣ್ಣಿನ 100 ಗ್ರಾಂಗೆ ಹೋಲಿಸಿ ಇಷ್ಟು ಪಟ್ಟು ಅಷ್ಟು ಪಟ್ಟು ಅನ್ನುತ್ತಾರೆ. ನೀರು ಹೋದ ಮೇಲೆ ತೂಕಕ್ಕೆ ಎಲ್ಲವೂ ಹೆಚ್ಚೇ ಕಾಣುತ್ತದೆ. ಪುಡಿಯನ್ನು ತಿನ್ನುವುದಾದರೂ ಒಂದೆರಡು ಚಮಚ. ಅದೂ ಒಂದು ಬಗೆಯ ಗುಡ್‌ವಿಲ್ ವ್ಯಾಪಾರವೇ.

ನಿಜ ಏನೆಂದರೆ ಸೊಪ್ಪಿನ ಕಬ್ಬಿಣವನ್ನು ದೇಹ ಪೂರ್ತಿ ಹೀರಿಕೊಳ್ಳುವುದಿಲ್ಲ. ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ವಿಟಮಿನ್ ಸಿ ಜೊತೆಗಿದ್ದರೆ ಹೆಚ್ಚು ಸೇರುತ್ತದೆ, ಟೀ ಕುಡಿದರೆ ಕಡಿಮೆಯಾಗುತ್ತದೆ. ಸೊಪ್ಪಿನಲ್ಲಿರುವ ವಿಟಮಿನ್ ಸಿ ಬೇಯಿಸುವಾಗ ಸಾಕಷ್ಟು ನಷ್ಟವಾಗುತ್ತದೆ. ಅದಕ್ಕೇ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಬೇಕು. ಊಟ ಮುಗಿದ ತಕ್ಷಣ ಟೀ ಕೇಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಬಹಳ. ಅದನ್ನು ಒಂದು ಗಂಟೆ ಮುಂದೂಡಬೇಕು. ಮಾಂಸದ ಕಬ್ಬಿಣ ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ಅಷ್ಟೇ ಅಲ್ಲ, ಜೊತೆಗಿರುವ ಸೊಪ್ಪಿನ ಕಬ್ಬಿಣವನ್ನೂ ಹೆಚ್ಚು ಸೇರಿಸುತ್ತದೆ. ನಮ್ಮ ದಾದಿ ಖೀಮಾಕ್ಕೆ ಮೆಂತ್ಯ ಸೊಪ್ಪು ಹಾಕುತ್ತಿದ್ದರು, ಮಾಂಸದ ಜೊತೆ ಸೊಪ್ಪು ಬೇಯಿಸುತ್ತಿದ್ದರು. ಮಾಂಸ ಕಡಿಮೆ ಇದೆ, ಸೊಪ್ಪು ಹಾಕಿ ಹೆಚ್ಚಿಸುತ್ತಿದ್ದಾರೆ ಎಂದು ನಾನು ಗೊಣಗುತ್ತಿದ್ದೆ. ಅವರು ಪುಸ್ತಕ ಓದಿರಲಿಲ್ಲ, ಆದರೆ ಪುಸ್ತಕದಲ್ಲಿದ್ದುದನ್ನೇ ಮಾಡುತ್ತಿದ್ದರು.

ರಕ್ತ ಬಹಳ ಕಡಿಮೆಯಾದವರಿಗೆ ಸೊಪ್ಪೊಂದೇ ಸಾಲುವುದಿಲ್ಲ, ಮಾತ್ರೆ ಬೇಕೇ ಬೇಕು. ತಟ್ಟೆ ಲೆಕ್ಕದಲ್ಲಿ 50 ಗ್ರಾಂ ಸೊಪ್ಪು ಕೊಡುವುದು 2 ಮಿಲಿಗ್ರಾಂ. ಸರ್ಕಾರ ಶಾಲೆಗಳಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಇರುತ್ತದೆ. ನನ್ನ ತಂಗಿ ಒಂಬತ್ತನೇ ತರಗತಿ. ಆ ಮಾತ್ರೆಯನ್ನು ಅವಳ ಗೆಳತಿಯರು ಕಿಟಕಿಯಿಂದ ಆಚೆ ಎಸೆಯುತ್ತಾರಂತೆ, ಹೊಟ್ಟೆ ತೊಳಸುತ್ತದೆ ಅಂತ. ನಾನೂ ಹೈಸ್ಕೂಲಿನಲ್ಲಿ ಎಸೆದವನೇ. ಊಟ ಆದ ಮೇಲೆ ತೆಗೆದುಕೊಂಡರೆ ತೊಳಸುವುದು ಕಡಿಮೆ.

ಇದು ಸಣ್ಣ ವಿಷಯ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59. ನಮ್ಮ ತರಗತಿಯಲ್ಲಿ ಹುಡುಗಿಯರ ಬೆಂಚುಗಳನ್ನು ಎಣಿಸಿ ನೋಡಿ, ಹತ್ತರಲ್ಲಿ ಸುಮಾರು ಆರು. ಹುಡುಗರು ನಗಬೇಕಿಲ್ಲ, ಅದೇ ವಯಸ್ಸಿನ ಹುಡುಗರಲ್ಲೂ ಶೇ. 31 ಇದ್ದಾರೆ.

ಸೇಬಿನ ಪರವಾಗಿಯೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಜ್ವರ ಬಂದು ನಾಲಿಗೆ ಕೆಟ್ಟವರಿಗೆ ಸೊಪ್ಪಿನ ಪಲ್ಯ ಸೇರುವುದಿಲ್ಲ, ಒಂದು ಹೋಳು ಸೇಬು ಸೇರುತ್ತದೆ. ಒಂದು ಸೇಬಿನಲ್ಲಿ 4 ಗ್ರಾಂಗೂ ಹೆಚ್ಚು ನಾರಿದೆ, ಹೊಟ್ಟೆಗೆ ಒಳ್ಳೆಯದು. ಎಣ್ಣೆ ಬೇಡ, ಒಲೆ ಬೇಡ. ಕೊಳ್ಳುವ ಶಕ್ತಿ ಇದ್ದವರು, ಇಷ್ಟ ಇದ್ದವರು ಧಾರಾಳವಾಗಿ ತಿನ್ನಲಿ, ದಯವಿಟ್ಟು ನಮ್ಮ ಗಾಡಿಯಲ್ಲೇ ಕೊಳ್ಳಲಿ. ಆದರೆ ರಕ್ತ ಬರುತ್ತದೆ ಎಂದು ಸಾಲ ಮಾಡಿ ಕೊಳ್ಳಬೇಡಿ.

ಲೆಕ್ಕದಲ್ಲಿ ಬಿಟ್ಟುಹೋದ ಖರ್ಚು

ನಾನು ಇಷ್ಟೆಲ್ಲ ಲೆಕ್ಕ ಬರೆದು ಅಮ್ಮಿಗೆ ಓದಿ ಹೇಳಿದೆ. ನಮ್ಮ ಮನೆಮಾತು ಉರ್ದು, ಅದರಲ್ಲೇ ವಿವರಿಸಿದೆ. ಶಭಾಷ್ ಅನ್ನುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಒಂದೇ ಮಾತು: "ಸೊಪ್ಪು ಯಾರು ಬಿಡಿಸ್ತಾರೆ?"

ನಾನು ಬಾಯಿ ಮುಚ್ಚಿದೆ. ನನ್ನ ಲೆಕ್ಕದಲ್ಲಿ ಆ ಖರ್ಚೇ ಇರಲಿಲ್ಲ.

ನುಗ್ಗೆ ಸೊಪ್ಪು ಬಿಡಿಸಿದವರಿಗೆ ಗೊತ್ತು. ಎಲೆ ಚಿಕ್ಕದು, ಕಡ್ಡಿ ಸಣ್ಣದು, ಹಳದಿ ಎಲೆ ಬೇರೆ ಮಾಡಬೇಕು, ಹುಳ ನೋಡಬೇಕು, ಎರಡು ಮೂರು ನೀರಲ್ಲಿ ತೊಳೆಯಬೇಕು. ಮರುದಿನ ನಾನೇ ಕೂತೆ. ಎರಡು ಕಟ್ಟಿಗೆ ನನಗೆ 40 ನಿಮಿಷ ಹಿಡಿಯಿತು. ಅಮ್ಮಿಗೆ 20 ಸಾಕು. ಸೇಬು ತೊಳೆದು ಹೆಚ್ಚಲು ಎರಡು ನಿಮಿಷ. ಅವಕಾಶ ವೆಚ್ಚ ಎಂದು ನಾವು ಓದುತ್ತೇವಲ್ಲ, ಇದೇ ಅದು. ಅಮ್ಮಿಯ ಕೆಲಸಕ್ಕೆ ಗಂಟೆಗೆ 60 ರೂಪಾಯಿ ಎಂದು ಹಿಡಿದರೂ 20 ರೂಪಾಯಿಯ ಸೊಪ್ಪಿನ ನಿಜವಾದ ಬೆಲೆ 40 ಆಗುತ್ತದೆ. ಆಗಲೂ 1 ಮಿಲಿಗ್ರಾಂ ಕಬ್ಬಿಣಕ್ಕೆ ನಾಲ್ಕು ರೂಪಾಯಿ ಚಿಲ್ಲರೆ. ಸೇಬಿಗಿಂತ ಎಷ್ಟೋ ಅಗ್ಗ. ಆದರೆ ಆ 20 ನಿಮಿಷವನ್ನು ಕೊಡುತ್ತಿರುವವರು ಯಾರು? ಹಿಮೋಗ್ಲೋಬಿನ್ 8.6 ಇರುವವರು. ಮನೆಯಲ್ಲಿ ಅಬ್ಬಾ, ಭಾಯಿಜಾನ್, ನಾನು ಮೂವರು ಗಂಡಸರು ಆರೋಗ್ಯವಾಗಿದ್ದೇವೆ. ಸೊಪ್ಪು ಬಿಡಿಸುವುದು ರಕ್ತ ಇಲ್ಲದವರು. ಬಿಡಿಸಿ, ಬೇಯಿಸಿ, ನಮಗೆಲ್ಲ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ತಿನ್ನುವವರೂ ಅವರೇ.

ನನ್ನ ಅಭಿಪ್ರಾಯ ಇಲ್ಲಿದೆ. ಸೇಬಿಗಿಂತ ಸೊಪ್ಪು ಒಳ್ಳೆಯದು ಎಂದು ಹೇಳಿ ಸುಮ್ಮನಾದರೆ ನಾವು ಹೆಂಗಸರಿಗೆ ಇನ್ನೊಂದು ಕೆಲಸ ಹೇಳಿದಂತೆ ಆಗುತ್ತದೆ, ಅಷ್ಟೇ. ಪೌಷ್ಟಿಕಾಂಶದ ಪಟ್ಟಿಯಲ್ಲಿ ಶ್ರಮದ ಕಾಲಂ ಇರುವುದಿಲ್ಲ. ಅದನ್ನು ನಾವು ಸೇರಿಸಬೇಕು, ಆ ಕಾಲಂನಲ್ಲಿ ನಮ್ಮ ಹೆಸರೂ ಬರೆಯಬೇಕು.

ಈಗ ನಮ್ಮ ಮನೆಯಲ್ಲಿ ವಾರಕ್ಕೆ ಎರಡು ದಿನ ಸೊಪ್ಪು. ಮಂಗಳವಾರ ನಾನು ಬಿಡಿಸುತ್ತೇನೆ, ಶುಕ್ರವಾರ ಭಾಯಿಜಾನ್. ಮೊದಲ ಸಲ ಗೆಳೆಯನೊಬ್ಬ ನೋಡಿ ನಕ್ಕ. ನಾನು ಅವನ ಕೈಗೂ ಒಂದು ಕಟ್ಟು ಕೊಟ್ಟೆ. ಅರ್ಧ ಬಿಡಿಸಿದ ಮೇಲೆ ನಗು ನಿಂತಿತು. ತಟ್ಟೆಗೆ ಬಡಿಸುವಾಗ ಅಮ್ಮಿಯ ಪಾಲನ್ನು ಮೊದಲೇ ತೆಗೆದಿಡುತ್ತೇವೆ. ಮೂರು ತಿಂಗಳ ನಂತರ ಪರೀಕ್ಷೆ ಮಾಡಿಸಿದಾಗ 11.2 ಬಂತು, ಅಲ್‌ಹಮ್ದುಲಿಲ್ಲಾಹ್. ಅದರಲ್ಲಿ ಮಾತ್ರೆಯ ಕೆಲಸವೇ ಹೆಚ್ಚು, ಸೊಪ್ಪಿನ ಕೆಲಸ ಸ್ವಲ್ಪ ಎಂದು ಡಾಕ್ಟರು ಹೇಳಿದರು. ಇನ್ನು ಮುಂದೆ ಇಳಿಯದಂತೆ ನೋಡಿಕೊಳ್ಳಲು ಊಟ ಬೇಕು ಎಂದೂ ಹೇಳಿದರು.

ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ. ರೋಗಿಯನ್ನು ನೋಡಲು ಹೋಗುವುದನ್ನು ಬಿಡಬೇಡಿ. ಆದರೆ ಕೈಯಲ್ಲಿ ಏನು ಹಿಡಿಯಬೇಕು ಎಂದು ಒಂದು ನಿಮಿಷ ಯೋಚಿಸಿ. ರಕ್ತ ಕಡಿಮೆ ಇರುವವರ ಮನೆಗೆ ಬಿಡಿಸಿದ ಸೊಪ್ಪು, ಎರಡು ನಿಂಬೆಹಣ್ಣು ತೆಗೆದುಕೊಂಡು ಹೋದರೆ ಕಂಜೂಸ್ ಎಂದು ಯಾರಾದರೂ ಅಂದುಕೊಳ್ಳಬಹುದು. ಅಂದುಕೊಳ್ಳಲಿ. ಬಿಡಿಸಿದ ಸೊಪ್ಪು ಎಂದರೆ ಅದರಲ್ಲಿ ನಿಮ್ಮ ಅರ್ಧ ಗಂಟೆ ಇದೆ. ಮರ್ಯಾದೆಗಾಗಿ ಶಕ್ತಿ ಮೀರಿ ಖರ್ಚು ಮಾಡುವುದನ್ನು ನಮ್ಮಲ್ಲಿ ಇಸ್ರಾಫ್ ಎನ್ನುತ್ತಾರೆ. ಮದುವೆಯ ವಿಷಯದಲ್ಲಿ ಅದರ ಬಗ್ಗೆ ಎಷ್ಟೋ ಭಾಷಣ ಕೇಳಿದ್ದೇವೆ. ಆಸ್ಪತ್ರೆಯ ಗೇಟಿನ ಹತ್ತಿರವೂ ಅದು ನಡೆಯುತ್ತದೆ.

ಕೊನೆಗೆ ಅಬ್ಬಾನ ವಿಷಯ. ಈ ಲೇಖನವನ್ನು ಕೊಡುವ ಮೊದಲು ಅವರಿಗೆ ಹೇಳಿದೆ. ಹೇಳದೆ ಕೊಡಲು ಮನಸ್ಸಾಗಲಿಲ್ಲ. ಅವರು ಪೂರ್ತಿ ಕೇಳಿ, "ಜನ ಕಬ್ಬಿಣಕ್ಕೆ ಆಪಲ್ ಕೊಳ್ಳಲ್ಲ ಬೇಟಾ. ಬರಿಗೈಲಿ ಹೋಗಬಾರದು ಅಂತ ಕೊಳ್ತಾರೆ" ಎಂದರು. ಅದು ನನ್ನ ಯಾವ ಲೆಕ್ಕಕ್ಕೂ ಸಿಗದ ಮಾತು. ನಾನು ಅವರಿಗೆ ಸೀಬೆಯ ಅಂಕಿ ತೋರಿಸಿದೆ: 100 ಗ್ರಾಂನಲ್ಲಿ ವಿಟಮಿನ್ ಸಿ 228 ಮಿಲಿಗ್ರಾಂ, ಸೇಬಿನ ಸುಮಾರು ಐವತ್ತು ಪಟ್ಟು, ಬೆಲೆ ಸೇಬಿನ ಅರ್ಧವೂ ಇಲ್ಲ, ಸೊಪ್ಪಿನ ಊಟದ ಜೊತೆ ತಿಂದರೆ ಕಬ್ಬಿಣ ಹೆಚ್ಚು ಸೇರುತ್ತದೆ.

ಅವರು ಏನೂ ಹೇಳಲಿಲ್ಲ. ಮರುದಿನ ಸಂಜೆ ಹೋದಾಗ ನೋಡಿದೆ, ಗಾಡಿಯ ಹಿಂದೆ ಇರುತ್ತಿದ್ದ ಸೀಬೆಯ ಬುಟ್ಟಿ ಮುಂದೆ ಬಂದಿತ್ತು. ಸೇಬು ತನ್ನ ಜಾಗದಲ್ಲೇ ಇತ್ತು.